ಪೆಟ್ಟಿಗೆಯಿಂದ ಹೊರಬಂದ ಬೂಟು

ಕೆನಡಾದ ವಿನಿಪೆಗ್‌ನಲ್ಲಿ ಮೈನಸ್ ಮೂವತ್ತು ಚಳಿಯಿದ್ದರೂ ಒಣಮೀನು ಹುರಿಯುವಾಗ ರೊಸೆಂದಾ ಕಿಟಕಿಯನ್ನು ಗೇಣುದ್ದ ತೆರೆದೇ ಇಡುತ್ತಿದ್ದಳು. ಇಲ್ಲದಿದ್ದರೆ ವಾರವಿಡೀ ಕೋಟುಗಳೆಲ್ಲ ಮೀನು ನಾರುತ್ತಿದ್ದವು. ಹಜಾರದಲ್ಲಿ ಫಿಲಿಪ್ಪೀನ್ಸಿಗೆ ಕಳಿಸುವ ದೊಡ್ಡ ರಟ್ಟಿನ ಪೆಟ್ಟಿಗೆ ಅರ್ಧ ತುಂಬಿತ್ತು. ಸೋಪು, ಚಾಕಲೇಟು, ಡಬ್ಬಿ ಮಾಂಸ. ಮೇಲೆ ತಂಗಿ ಅನಲಿನ್‌ಗೆಂದು ಹೊಸ ಬೂಟು.

ಗಂಡ ಕ್ರಿಸಾಂತೊ ವಲಸೆ ಕಚೇರಿಯ ಪತ್ರ ಒಡೆದ. ರೊಸೆಂದಾ ತಾಯಿಯನ್ನೂ ಹದಿನೇಳರ ಅನಲಿನ್‌ಳನ್ನೂ ಕಾಯಂ ಆಗಿ ಕರೆಸಿಕೊಳ್ಳಲು ಅರ್ಜಿ ಹಾಕಿ ಎರಡು ವರ್ಷವಾಗಿತ್ತು.

"ಲೇ, ಇಲ್ಲಿ ಕೇಳು. ಅನಲಿನ್‌ನ ನಿಮ್ಮಮ್ಮ ನಲವತ್ತೊಂಬತ್ತಕ್ಕೆ ಹೆತ್ತಿದಾರಾ? ಗಟ್ಟಿಗಿತ್ತಿ! ಇವರಿಗೆ ನಂಬಿಕೆ ಇಲ್ವಂತೆ. ಡಿಎನ್ಎ ಪರೀಕ್ಷೆ ಮಾಡಿಸಿ ಅಂತಾರೆ."

ರೊಸೆಂದಾ ಸಟ್ಟುಗ ಕೆಳಗಿಟ್ಟಳು. ಹದಿನೇಳು ವರ್ಷ ಮುಚ್ಚಿಟ್ಟ ಮಾತು ಒಂದು ಹಾಳೆಯ ಮೇಲೆ ಹೀಗೆ ಬಂದೀತೆಂದು ಅವಳು ಕನಸಲ್ಲೂ ಎಣಿಸಿರಲಿಲ್ಲ.

"ಪರೀಕ್ಷೆ ಬೇಡ. ಅಮ್ಮ ಹೆತ್ತಿದ್ದಲ್ಲ."

"ಮತ್ಯಾರು?"

"ನಾನು."

ಕ್ರಿಸಾಂತೊ ನಗಲು ಹೋಗಿ ನಿಲ್ಲಿಸಿದ. ಬಾಣಲೆಯ ಮೀನು ಕರಕಲಾಯಿತು. ಇಬ್ಬರೂ ಅತ್ತ ನೋಡಲಿಲ್ಲ.

"ಹತ್ತು ವರ್ಷ ಆಯ್ತು ಮದುವೆಯಾಗಿ. ನಮಗೆ ಮಕ್ಕಳಾಗಲಿಲ್ಲ ಅಂತ ನಾನು ಚರ್ಚಿನಲ್ಲಿ ಮೇಣದಬತ್ತಿ ಹಚ್ಚುವಾಗ ಪಕ್ಕದಲ್ಲೇ ಇದ್ದೆಯಲ್ಲ. ಒಂದು ಮಾತು ಹೇಳೋಕಾಗಲಿಲ್ವಾ?"

"ಹೇಳಿದ್ರೆ ಬಿಟ್ಟು ಹೋಗ್ತಿದ್ದೆ ನೀನು."

"ಅದನ್ನೂ ನೀನೇ ತೀರ್ಮಾನ ಮಾಡಿಬಿಟ್ಟೆ," ಎಂದವನೇ ಕೋಟು ಹಾಕಿಕೊಂಡು ತಾನು ಕೆಲಸ ಮಾಡುವ ಬಸ್ ಡಿಪೋಗೆ ಹೊರಟುಹೋದ. ಆಮೇಲೆ ಎರಡು ರಾತ್ರಿ ಹಜಾರದಲ್ಲೇ ಮಲಗಿದ.

ಊರಿನಿಂದ ತಾಯಿ ಫೋನಿನಲ್ಲಿ ಅತ್ತಳು. "ಹುಡುಗೀನ ಅರ್ಜಿಯಿಂದ ತೆಗೆದುಬಿಡೇ. ನಾನೊಬ್ಬಳೇ ಬರ್ತೀನಿ. ಮಾನ ಉಳಿಯುತ್ತೆ."

"ಅವಳನ್ನ ಯಾರ ಹತ್ರ ಬಿಟ್ಟು ಬರ್ತೀಯಮ್ಮ?"

"ನಿಂಗಾಗ ಹದಿನೆಂಟು, ಮದುವೆ ಇಲ್ಲ. ಗೊತ್ತಾಗಿದ್ರೆ ಚರ್ಚಿನಲ್ಲಿ ನಮ್ಮ ಬೆಂಚಿಗೆ ಒಬ್ಬರೂ ಬರ್ತಿರಲಿಲ್ಲ. ಸೂಲಗಿತ್ತಿ ಕೈಲಿ ಜನನ ಪತ್ರದಲ್ಲಿ ತಾಯಿ ಅಂತ ನನ್ನ ಹೆಸರು ಬರೆಸಿದ್ದು ನಿನ್ನ ಒಳ್ಳೇದಕ್ಕೇ ಅಲ್ವಾ?"

ಆ ಮಾತೂ ಸುಳ್ಳಲ್ಲ. ಹೊಟ್ಟೆಯಲ್ಲಿದ್ದ ಕೂಸಿಗಿಂತ ಬೀದಿಯವರ ಬಾಯಿಗೆ ಹೆದರಿದ ಮನೆ ಅದು. ಅಂಥ ಮನೆಗಳು ಒಂದೆರಡಲ್ಲ.

ಕೆನಡಾಕ್ಕೆ ಬರುವಾಗ 'ಮಕ್ಕಳಿಲ್ಲ' ಎಂದು ಬರೆದುಕೊಟ್ಟವರು, ಮುಚ್ಚಿಟ್ಟ ಮಗುವನ್ನು ಆಮೇಲೆ ಕರೆಸಿಕೊಳ್ಳುವುದು ಬಹಳ ಕಷ್ಟ ಎಂದು ರೊಸೆಂದಾ ಸಲಹೆ ಕೇಳಿದ ವಕೀಲೆ ಹೇಳಿದಳು. ನಿಜ ಬರೆದರೆ ಅನಲಿನ್ ಎಂದೂ ಬರದೇ ಹೋಗಬಹುದು. ರೊಸೆಂದಾ ಅರ್ಜಿಯನ್ನು ಮುಂದಿಟ್ಟುಕೊಂಡು ಪೆನ್ನು ಹಿಡಿದಳು. ಆದರೂ 'ತಂಗಿ' ಎಂಬಲ್ಲಿ ಗೀಟು ಎಳೆದು 'ಮಗಳು' ಎಂದು ಬರೆದಳು. ಕಚೇರಿಗಿಂತ ಮೊದಲು ಮಗಳಿಗೆ ಹೇಳಬೇಕೆನಿಸಿ ಫೋನ್ ಮಾಡಿದಳು.

"ಅಕ್ಕಾ, ತಮಾಷೆ ಮಾಡ್ತಿದೀಯಾ?" ಎಂದ ಅನಲಿನ್ ಪರದೆಗೆ ಮುಖ ಹತ್ತಿರ ತಂದಳು. "ಹಾಗಾದ್ರೆ ವರ್ಷ ವರ್ಷ ಬೂಟು ಕಳಿಸ್ತಿದ್ದದ್ದು ಯಾರಿಗೆ? ತಂಗಿಗಾ, ಮಗಳಿಗಾ?"

ರೊಸೆಂದಾ ಬಾಯಿ ತೆರೆಯುವಷ್ಟರಲ್ಲಿ ಫೋನ್ ಕಟ್ಟಾಯಿತು.

ಮರುದಿನ ಬೆಳಿಗ್ಗೆ ಸಂದೇಶ ಬಂತು: "ಬೂಟು ಬೇಡ. ನೀನೇ ಬಾ. ನನ್ನೆದುರು ಕೂತು ಹೇಳು."

ಅದನ್ನು ಓದಿ ರೊಸೆಂದಾ ಫೋನನ್ನು ಗಂಡನ ಮುಂದಿಟ್ಟಳು. ಅವನು ಎರಡು ಸಲ ಓದಿದ. ಎದ್ದುಹೋಗಿ ಪೆಟ್ಟಿಗೆಯಿಂದ ಬೂಟು ತೆಗೆದು ಹೊರಗಿಟ್ಟ.

"ನಂಗಿನ್ನೂ ಸಿಟ್ಟು ಇಳಿದಿಲ್ಲ," ಎಂದ. "ಆದ್ರೂ ಟಿಕೆಟ್ ಎರಡು ತೊಗೋ. ಆ ಹುಡುಗೀಗೆ ನೀನೊಬ್ಬಳೇ ಏನಂತ ಹೇಳ್ತೀಯ?"