ಬೇರೆಯವರ ದನಿ

"ಕಟ್" ಎಂದ ಸಂಗನಬಸವ. ಒಂಬತ್ತನೆಯ ಸಲವೂ ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಸಂಕೋಚವಿತ್ತು. ಮಧುಲೇಖಾಳಿಗೆ ಚುಚ್ಚಿದ್ದು ಅದೇ.

ಮೊರಬದ ಬಸ್ ಸ್ಟ್ಯಾಂಡಿನಲ್ಲಿ ಬಾಡಿಗೆಗೆ ತಂದ ಬಸ್ಸೊಂದು ನಿಂತಿತ್ತು. ಮಗಳ ಪಾತ್ರದ ಹುಡುಗಿ ದಾನೇಶ್ವರಿ ಕಿಟಕಿಯ ಪಕ್ಕ ಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಮಾಸಿದ ಇಳಕಲ್ ಸೀರೆಯುಟ್ಟು, ಎರಡು ತಿಂಗಳಿಂದ ಬಣ್ಣ ಹಚ್ಚದೆ ಬಿಟ್ಟ ನರೆಗೂದಲಿನ ಮೇಲೆ ಸೆರಗು ಹೊದ್ದು, ಮಧುಲೇಖಾ ಕೆಳಗೆ ನಿಂತು ಮಗಳನ್ನು ಒಂದು ಮಾತು ಕೇಳಬೇಕಿತ್ತು. "ಮತ್ತ ಯಾವಾಗ ಬರತಿ?" ಮೂರೇ ಶಬ್ದ. ಬೆಳಗಿನಿಂದ ಅವು ಬಾಯಿಂದ ಹೊರಗೆ ಬಂದ ಕೂಡಲೇ ನಾಟಕದ ಮಾತಾಗಿ ಬೀಳುತ್ತಿದ್ದವು.

ಶೂಟಿಂಗ್ ನೋಡಲು ಕಟ್ಟೆಯ ಮೇಲೆ ಕುಳಿತಿದ್ದ ಮುದುಕಿಯೊಬ್ಬಳು ಎಲೆಯಡಿಕೆ ಅಗಿಯುತ್ತ ಪಕ್ಕದವಳಿಗೆ ಹೇಳಿದಳು. "ಮಾರಿ ಭಾಳ ಛಲೋ ಐತಿ ಬಿಡ. ಮಾತು ಮಾತ್ರ ಫೋನಿನ್ಯಾಗ ಕಂಪನಿಯಾಕಿ ಮಾತಾಡಿದಂಗ ಆತು." ಸುತ್ತಲಿನವರು ನಕ್ಕರು.

ಸಂಗನಬಸವ ನೀರಿನ ಬಾಟಲಿ ಹಿಡಿದು ಬಂದ. ಮೊರಬದವನೇ, ಇನ್ನೂ ಮೂವತ್ತು ತುಂಬಿಲ್ಲ, ಇದು ಅವನ ಮೊದಲ ಸಿನಿಮಾ. "ಇವತ್ತಿಗೆ ಸಾಕ್ರಿ ಮೇಡಂ. ಬಸ್ಸಿನ ಸೀನು ಗುರುವಾರ ಮಾಡೂಣು."

"ಮಾತು ಸರಿ ಬರ್ತಿಲ್ಲ, ಅಲ್ವಾ?"

"ಹಂಗೇನಿಲ್ರಿ. ಬೇಕಾದ್ರ ಮುಂದ ಡಬ್ಬಿಂಗಿನ್ಯಾಗ ನೋಡೂಣು. ಧಾರವಾಡದಾಗ ಒಬ್ಬರು ಅದಾರ, ರೇಡಿಯೋದವರು. ಅಗದಿ ಇಲ್ಲಿ ಮಾತು."

ತಾನು ಏನು ಹೇಳಿದೆನೆಂದು ಅವನಿಗೆ ಗೊತ್ತಾಗಲಿಲ್ಲ. ಮಧುಲೇಖಾ ತಲೆಯಾಡಿಸಿ ಕಾರಿನ ಕಡೆ ನಡೆದಳು. ಹುಬ್ಬಳ್ಳಿಯ ಹೋಟೆಲಿಗೆ ಹೊರಟಿದ್ದ ಡ್ರೈವರ್ ಯುನೂಸನಿಗೆ, "ನವಲಗುಂದಕ್ಕೆ ಹೋಗೋಣ" ಎಂದಳು.

ಮಧುಲೇಖಾ ಎಂದರೆ ಒಂದು ಕಾಲಕ್ಕೆ ಈ ಸೀಮೆಯ ಸಂತೆಗಳಲ್ಲೂ ಗೊತ್ತಿದ್ದ ಹೆಸರು. ದರ್ಜಿಗಳು ಅವಳ ಹೆಸರಿನಲ್ಲಿ ಬುಗ್ಗೆ ತೋಳಿನ ಕುಪ್ಪಸ ಹೊಲಿಯುತ್ತಿದ್ದರು. ಬಳೆಗಾರರು ಅವಳ ಮುಖವಿದ್ದ ಡಬ್ಬಿಯಲ್ಲಿ ಬಳೆ ಮಾರುತ್ತಿದ್ದರು. ಹಳದಿ ಶಿಫಾನ್ ಸೀರೆಯಲ್ಲಿ ಜಲಪಾತದ ಕೆಳಗೆ ನಿಂತ ಅವಳ ಕ್ಯಾಲೆಂಡರ್ ಸಂಗನಬಸವನ ಅಡುಗೆಮನೆಯಲ್ಲಿ ಹನ್ನೆರಡು ವರ್ಷ ತೂಗಿತ್ತಂತೆ. ವರ್ಷ ಮುಗಿದ ಮೇಲೂ ಅವನ ತಾಯಿ ಅದನ್ನು ತೆಗೆದಿರಲಿಲ್ಲ. ಈ ಪಾತ್ರಕ್ಕೆ ಅವಳನ್ನೇ ಹುಡುಕಿಕೊಂಡು ಬರಲು ಅವನಿಗಿದ್ದ ಕಾರಣ ಅಷ್ಟೇ. ಅವಳು ಹುಟ್ಟಿದ್ದು ಮೊರಬದಿಂದ ಒಂದು ತಾಸಿನ ದಾರಿಯೂ ಇಲ್ಲದ ನವಲಗುಂದದಲ್ಲಿ ಎಂಬುದು ಅವನಿಗೆ ಗೊತ್ತಿರಲಿಲ್ಲ. ಸಿನಿಮಾದವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೊದಲ ಚಿತ್ರದ ನಿರ್ಮಾಪಕರು ಪತ್ರಿಕೆಯವರಿಗೆ ಮೈಸೂರು ಎಂದು ಹೇಳಿದ್ದರು. ಮುಂದೆ ಅವಳೂ ಅದನ್ನೇ ಹೇಳಿದಳು.

ಅದೇ ನಿರ್ಮಾಪಕರು ಅವಳ ಮೊದಲ ರೀಲು ನೋಡಿ, "ಮುಖ ಇರಲಿ, ಮಾತು ಬೇಡ" ಎಂದಿದ್ದರು. ಅವಳ ಬಾಯಿಗೆ ಬೇರೊಬ್ಬಳ ದನಿ ಕೂಡಿಸಿದರು. ಮೂವತ್ತೊಂದು ಚಿತ್ರಗಳಲ್ಲಿ ಮಧುಲೇಖಾ ನಕ್ಕಳು, ಅತ್ತಳು, ಕುಣಿದಳು. ಮಾತಾಡಿದವಳು ಮಾತ್ರ ಮಲ್ಲೇಶ್ವರದ ಒಬ್ಬ ತೆಳ್ಳನೆಯ ಹೆಂಗಸು, ಕೆಲಸ ಮುಗಿದ ಕೂಡಲೇ ಮಗುವಿಗೆ ಹಾಲು ಕುಡಿಸಲು ಓಡುತ್ತಿದ್ದವಳು. ಬೆಂಗಳೂರಿನ ಮಾತನ್ನು ಮಧುಲೇಖಾ ಒಬ್ಬ ಮೇಷ್ಟ್ರಿಂದ ಆರು ವರ್ಷ ಕಲಿತಳು. ಅದು ನಾಲಿಗೆಗೆ ಹತ್ತುವ ಹೊತ್ತಿಗೆ ನಾಯಕಿಯ ವಯಸ್ಸು ಮುಗಿದಿತ್ತು. ಆಮೇಲೆ ಅಕ್ಕನ ಪಾತ್ರ, ತಾಯಿಯ ಪಾತ್ರ, ಧಾರಾವಾಹಿಯಲ್ಲಿ ಅತ್ತೆಯ ಪಾತ್ರ. ಕ್ಯಾಮೆರಾಮನ್ ಒಬ್ಬನ ಜೊತೆ ಹನ್ನೊಂದು ವರ್ಷದ ಸಂಸಾರ, ಬಳಿಕ ಅದೂ ಇಲ್ಲ. ಅರವತ್ಮೂರನೆಯ ವಯಸ್ಸಿನಲ್ಲಿ ಸಂಗನಬಸವನ ಫೋನು ಬಂದು, ಮೊರಬದಲ್ಲಿ ಶೂಟಿಂಗ್ ಎಂದಾಗ, ಕಥೆ ಪೂರ್ತಿ ಕೇಳದೆಯೇ ಒಪ್ಪಿದ್ದಳು.

ನವಲಗುಂದದಲ್ಲಿ ಯುನೂಸ್ ಎರಡು ಕಡೆ ಕೇಳಿ, ಅವಳ ಹಳೆಯ ಗೆಳತಿ ಹಸನಬಿಯ ಓಣಿ ಹುಡುಕಿದ. ಬಾಗಿಲು ತೆರೆದೇ ಇತ್ತು. ಒಳಗೆ ಕೋಣೆಯ ತುಂಬ ಜಮಖಾನದ ಮಗ್ಗ ಎದ್ದು ನಿಂತಿತ್ತು. ಬಿಗಿದ ಬಿಳಿ ನೂಲಿನ ಕೆಳಭಾಗದಲ್ಲಿ ಕೆಂಪು ಹಳದಿಯ ಪಟ್ಟೆಗಳು, ಅರ್ಧ ಮೂಡಿದ ಒಂದು ನವಿಲು. ಅದರ ಮುಂದೆ ದಪ್ಪ ಕನ್ನಡಕದ ಹಸನಬಿ ಕುಳಿತಿದ್ದಳು.

"ಯಾರು?"

"ನಾನು, ಮಲ್ಲಕ್ಕ."

ಆ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿ ನಲವತ್ತೈದು ವರ್ಷವಾಗಿತ್ತು. ಹಸನಬಿಯ ಕೈ ನಿಂತಿತು. ಕನ್ನಡಕದ ಮೇಲಿಂದ ಒಮ್ಮೆ ನೋಡಿದಳು, ಮತ್ತೆ ನೂಲಿನ ಕಡೆ ತಿರುಗಿದಳು.

"ಬಾಗಲದಾಗ ನಿಂತ್ರ ಬೆಳಕು ಬರೂದಿಲ್ಲ. ಒಳಗ ಬಾ."

ಜಮಖಾನ ನೇಯಲು ಇಬ್ಬರು ಬೇಕು. ಹಸನಬಿಯ ಜೊತೆ ಕೂರುತ್ತಿದ್ದ ತಂಗಿ ಎರಡು ವರ್ಷದ ಹಿಂದೆ ತೀರಿಕೊಂಡಿದ್ದಳು. ಆ ಖಾಲಿ ಜಾಗದಲ್ಲಿ ಮಲ್ಲಕ್ಕ ಕುಳಿತಳು. ಸೊಸೆ ತಬಸುಮ್ ಚಹಾ ತಂದು, ಬಂದವಳ ಮುಖ ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು. "ಅತ್ತಿ, ಇವರು ಟಿವಿಯಾಗಿನ..." "ಗೊತ್ತೈತಿ, ಹೋಗು" ಎಂದಳು ಹಸನಬಿ.

ಮಲ್ಲಕ್ಕ ಬಂದ ಕಾರಣ ಹೇಳಿದಳು. ಸಿನಿಮಾ, ಹಳ್ಳಿಯ ತಾಯಿಯ ಪಾತ್ರ, ಮರೆತುಹೋದ ಮಾತು. ಪರ್ಸಿನಿಂದ ಸಂಭಾಷಣೆಯ ಹಾಳೆ ತೆಗೆದು ಓದಲು ಹೊರಟಾಗ ಹಸನಬಿ ತಡೆದಳು.

"ಅದನ್ನ ಚೀಲದಾಗ ಇಡು. ಮಾತು ಕಲಸಾಕ ನಾ ಏನ ಸಾಲಿ ಮಾಸ್ತರೇನು? ನನಗ ಓದಾಕೂ ಬರೂದಿಲ್ಲ, ನಿನಗ ಗೊತ್ತೈತಿ."

ಹಾಳೆ ಚೀಲ ಸೇರಿತು. ಮರುದಿನವೂ, ಅದರ ಮರುದಿನವೂ ಮಲ್ಲಕ್ಕ ಬೆಳಗ್ಗೆ ಬಂದು ಸಂಜೆ ಹೋದಳು. ಹಸನಬಿ ಹೆಚ್ಚು ಮಾತಾಡಲಿಲ್ಲ. ನೂಲು ಕೊಡು ಎಂದಳು, ಕೆಂಪಲ್ಲ ಹಸರು ಎಂದಳು, ಉಣ್ಣು ಎಂದಳು. ಬಂದುಹೋಗುವ ಹೆಂಗಸರ ಜೊತೆ ಆಸ್ಪತ್ರೆ, ರೇಷನ್ನು, ಹೆಸರುಕಾಳಿನ ರೇಟು ಎಂದು ಮಾತಾಡಿದಳು. ಮಲ್ಲಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. ಒಳಗೊಳಗೇ ಹೇಳಿಕೊಂಡು ನೋಡಿದಳು. ಶಬ್ದಗಳೆಲ್ಲ ಗೊತ್ತಿದ್ದವು, ಎಲ್ಲವೂ ಸರಿಯಿದ್ದವು. ಆದರೆ ಹೊರಗೆ ಆಡಿದರೆ ಬೇರೊಬ್ಬರ ಚಪ್ಪಲಿ ಮೆಟ್ಟಿ ನಡೆದಂತಾಗುತ್ತಿತ್ತು.

ಎರಡನೆಯ ದಿನ ಮಧ್ಯಾಹ್ನ ರೊಟ್ಟಿ ತಿನ್ನುವಾಗ ಮಲ್ಲಕ್ಕ ಕೇಳಿದಳು. "ನನ್ನ ಸಿನಿಮಾ ನೋಡಿದ್ದೀಯಾ?"

"ಒಂದು ನೋಡೇನಿ. ಹುಬ್ಬಳ್ಳಿಗೆ ಹೋಗಿ. ನಮ್ಮವ್ವಗ ಸುಳ್ಳ ಹೇಳಿ ಹೋಗಿದ್ನಿ." ಹಸನಬಿ ರೊಟ್ಟಿಯ ಚೂರು ಪಲ್ಯಕ್ಕೆ ಹಚ್ಚಿ ಹಾಗೇ ಹಿಡಿದಳು. "ನೀ ಬಂದಿ. ಎಷ್ಟು ಚಂದ ಕಾಣತಿದ್ದಿ. ಬಾಜೂಕ ಕುಂತಾಕಿಗೆ ಹೇಳಿದ್ನಿ, ಅಕಿ ನಮ್ಮ ಓಣಿಯಾಕಿ ಅಂತ. ಆಮ್ಯಾಲ ನೀ ಬಾಯಿ ತಗದಿ. ಮಾರಿ ನಿಂದು, ಒಳಗ ಯಾರೋ ಕುಂತು ಮಾತಾಡಾಕತ್ತಿದ್ರು. ನನಗ ಅಂಜಿಕಿ ಬಂತು. ಅರ್ಧಾಕ್ಕ ಎದ್ದು ಬಂದ್ನಿ. ಮತ್ತೊಂದು ನೋಡಲಿಲ್ಲ."

ಮಲ್ಲಕ್ಕನ ಕೈ ತಟ್ಟೆಯಲ್ಲೇ ಉಳಿಯಿತು. ಸನ್ಮಾನದ ಶಾಲುಗಳು, ನೂರು ದಿನದ ಫಲಕಗಳು, ಎಷ್ಟೋ ಜನರ ಹೊಗಳಿಕೆ. ಈ ಮಾತನ್ನು ಅವಳಿಗೆ ಈವರೆಗೆ ಯಾರೂ ಹೇಳಿರಲಿಲ್ಲ.

"ಅದು ನನ್ನ ದನಿ ಅಲ್ಲ ಅಂತ ನಿನ್ನೊಬ್ಬಳಿಗೇ ಗೊತ್ತಾಗಿದ್ದು" ಎಂದಳು.

"ಗೊತ್ತಾಗದ ಏನು? ದಿನಾ ಕೇಳಿದ ದನಿ."

ಇಬ್ಬರೂ ಹುಡುಗಿಯರಾಗಿದ್ದಾಗ ಹಸನಬಿಯ ಮನೆಯವರು ಮಲ್ಲಕ್ಕನ ಅಪ್ಪ ಮಡಿವಾಳೆಪ್ಪನ ಹಿತ್ತಿಲ ಮನೆಯಲ್ಲಿ ಬಾಡಿಗೆಗಿದ್ದರು. ಮಲ್ಲಕ್ಕ ಮಗ್ಗದ ಪಕ್ಕ ಕುಳಿತು ಹಾಡುತ್ತಿದ್ದಳು. ಊರಿಗೆ ಬಂದ ನಾಟಕ ಕಂಪನಿ ಗದಗಿಗೆ ಹೊರಟಾಗ ಅದರ ಹಿಂದೆ ಹೋಗುವ ಆಸೆಯನ್ನು ಅವಳು ಹೇಳಿದ್ದು ಹಸನಬಿಗೊಬ್ಬಳಿಗೇ. ಹಸನಬಿ ತನ್ನ ತಾಯಿಯ ಬುರ್ಖಾ ತೊಡಿಸಿ, ನಸುಕಿನ ಬಸ್ಸಿಗೆ ಹತ್ತಿಸಿ ಬಂದಿದ್ದಳು.

"ನಿಮ್ಮಪ್ಪಗ ಮೂರು ದಿನಕ್ಕ ಗೊತ್ತಾತು, ಬುರ್ಖಾದ ಸುದ್ದಿ. ಅವತ್ತ ಸಂಜಿಮುಂದ ಮನಿ ಬಿಡಸಿದ್ರು. ನಮ್ಮವ್ವ, ನಾನು, ತಂಗಿ ಮೂರೂ ಮಂದಿ ಮಗ್ಗದ ಕಟಗಿ ಹೊತಗೊಂಡು ಬಂದ್ವಿ. ನೇಯಾಕ ಹಾಕಿದ ಜಮಖಾನ ಕೊಯ್ದು ತಗೀಬೇಕಾತು."

"ನಂಗೆ ಗೊತ್ತಿರಲಿಲ್ಲ, ಹಸನಬಿ."

"ಹೆಂಗ ಗೊತ್ತಾಗಬೇಕು? ಕೇಳಿದಿ ಏನು?"

ಅದರಲ್ಲಿ ಜಗಳದ ಧಾಟಿ ಇರಲಿಲ್ಲ. ಒಂದು ಚಿತ್ರದ ನೂರನೆಯ ದಿನಕ್ಕೆ ಮಲ್ಲಕ್ಕ ಹುಬ್ಬಳ್ಳಿಗೆ ಬಂದಿದ್ದಳು. ಥಿಯೇಟರಿನ ಮುಂದೆ ಜನ ಕಾರಿನ ಗಾಜಿಗೆ ಮುಖ ಒತ್ತಿ ನಿಂತಿದ್ದರು. ಆ ಗುಂಪಿನ ಆಚೆ ನವಲಗುಂದ ಎಂದು ಬೋರ್ಡು ಹಾಕಿದ ಬಸ್ಸೊಂದು ಹೋಗುವುದನ್ನು ಅವಳು ನೋಡಿದ್ದಳು. ಅಪ್ಪ ಮುಖ ನೋಡಲಿಕ್ಕಿಲ್ಲ ಎಂದು ಆಗ ತನಗೆ ತಾನೇ ಹೇಳಿಕೊಂಡಿದ್ದಳು. ಅಪ್ಪನೊಬ್ಬನೇ ಆ ಊರಿನಲ್ಲಿದ್ದ ಹಾಗೆ.

ಅವತ್ತು ಮತ್ತೆ ಆ ಮಾತು ಬರಲಿಲ್ಲ. ಹಸನಬಿ ನೂಲು ಪೋಣಿಸುವುದು, ಮಲ್ಲಕ್ಕ ಕಬ್ಬಿಣದ ಹಣಿಗೆಯಿಂದ ಅದನ್ನು ಕೆಳಗೆ ಬಡಿಯುವುದು ನಡೆಯಿತು. ಅವಳು ಬಡಿದದ್ದು ಒಂದು ಕಡೆ ಸಡಿಲವಾಗಿತ್ತು. ಹಸನಬಿ ಅದರ ಮೇಲೆ ತಾನೊಮ್ಮೆ ಬಡಿದು ಸರಿಮಾಡಿದಳು.

ಬುಧವಾರ ಸಂಜೆ ಯುನೂಸ್ ಓಣಿಯ ತುದಿಯಲ್ಲಿ ಹಾರ್ನ್ ಹಾಕಿದ. ಮರುದಿನ ಶೂಟಿಂಗ್ ಮುಗಿಸಿ ರಾತ್ರಿಯ ರೈಲಿಗೆ ಹೊರಡುವುದೆಂದು ಮಲ್ಲಕ್ಕ ಹೇಳಿದಳು. ಹಸನಬಿ ಹೂಂ ಎಂದಳು. ನವಿಲಿನ ಕೊರಳಿನ ನೀಲಿ ಬದಲಾಗುವ ಜಾಗ ಅದು, ಎಣಿಸಿ ಎಣಿಸಿ ಎಳೆ ಎತ್ತಬೇಕಿತ್ತು. ಮಲ್ಲಕ್ಕ ಎದ್ದು ಹೊಸ್ತಿಲ ಆಚೆ ಒಂದು ಕಾಲಿಗೆ ಚಪ್ಪಲಿ ಸೇರಿಸಿದಳು. ಒಳಗಿನಿಂದ, ಎಳೆಗಳ ಮೇಲಿನ ಕಣ್ಣು ತೆಗೆಯದೆ, ಹಸನಬಿ ಕೇಳಿದಳು.

"ಮತ್ತ ಯಾವಾಗ ಬರತಿ?"

ಹಾಳೆಯಲ್ಲಿ ಏನು ಬರೆದಿದೆಯೆಂದು ಹಸನಬಿಗೆ ಗೊತ್ತಿರಲಿಲ್ಲ. ಅವಳು ಪಾಠ ಹೇಳಿಕೊಡುತ್ತಲೂ ಇರಲಿಲ್ಲ. ಪ್ರಶ್ನೆ ಮೊದಲ ಶಬ್ದದಲ್ಲಿ ಸ್ವಲ್ಪ ಎದ್ದು, ಉಳಿದೆರಡರಲ್ಲಿ ಇಳಿದು ಹೋಗಿತ್ತು, ಉತ್ತರ ಬರಲಿಕ್ಕಿಲ್ಲವೆಂದು ಮೊದಲೇ ಗೊತ್ತಿದ್ದವರು ಕೇಳಿದ ಹಾಗೆ. ಮಲ್ಲಕ್ಕ ಇನ್ನೊಂದು ಚಪ್ಪಲಿಗಾಗಿ ಕಾಲಿನಿಂದ ತಡಕಾಡಿದಳು.

"ಬರ್ತೀನಿ" ಎಂದಳು. ಅಷ್ಟೇ ಆಯಿತು.

ಗುರುವಾರ ಮೊರಬದಲ್ಲಿ ಅದೇ ಬಸ್ಸು, ಅದೇ ಕಿಟಕಿ, ಕಟ್ಟೆಯ ಮೇಲೆ ಅದೇ ಹೆಂಗಸರು. ಸಂಗನಬಸವ "ಆ್ಯಕ್ಷನ್" ಎಂದ. ಮಲ್ಲಕ್ಕ ದಾನೇಶ್ವರಿಯ ಮುಖ ನೋಡಲಿಲ್ಲ. ಬಸ್ಸಿನ ತಗಡಿಗೆ ಅಂಟಿದ್ದ ಒಣಗಿದ ಕರಿ ಮಣ್ಣನ್ನು ಉಗುರಿನಿಂದ ಕೆರೆಯುತ್ತ ಕೇಳಿದಳು. ಕಿಟಕಿಯಲ್ಲಿದ್ದ ಹುಡುಗಿ ತನ್ನ ಮಾತು ಮರೆತಳು. ಕಟ್ಟೆಯ ಮುದುಕಿ ಅಗಿಯುವುದನ್ನು ನಿಲ್ಲಿಸಿದಳು.

ಅದೇ ಕ್ಷಣ ಹೊಲದ ದಾರಿಯಿಂದ ಟ್ರ್ಯಾಕ್ಟರೊಂದು ಡಬಡಬ ಎಂದು ರಸ್ತೆಗೆ ಹತ್ತಿತು. ಸೌಂಡಿನವನು ಕಿವಿಯಿಂದ ಹೆಡ್‌ಫೋನ್ ಕಿತ್ತು ತಲೆ ಅಲ್ಲಾಡಿಸಿದ.

"ಇನ್ನೊಂದ ಸಲ ಮೇಡಂ, ಹಂಗ ಮಾಡ್ರಿ" ಎಂದ ಸಂಗನಬಸವ. ಅವನ ಕಣ್ಣುಗಳು ಹೊಳೆಯುತ್ತಿದ್ದವು. ಮಾಡಿದಳು. ಇನ್ನೊಂದು, ಮತ್ತೊಂದು. ಈಗ ಊರು ಸದ್ದಿಲ್ಲದೆ ನಿಂತಿತ್ತು, ಆದರೆ ಮಾತು ಮೊದಲಿನ ಹಾಗೆ ಬರಲಿಲ್ಲ. ಅದು ಅವಳಿಗೇ ಎಲ್ಲರಿಗಿಂತ ಮೊದಲು ತಿಳಿಯಿತು.

ಸಂಗನಬಸವ ಕಾಗದ ಮಡಚುತ್ತ ಬಂದ. "ಚಿತ್ರ ಛಲೋ ಬಂದೈತ್ರಿ. ದನಿ ಒಂದು ಧಾರವಾಡದವರ ಕಡೆ..."

"ಮೊದಲನೇದು ಇಡಪಾ."

"ಅದರಾಗ ಟ್ರ್ಯಾಕ್ಟರ್ ಸಪ್ಪಳ ಬಂದೈತಿ. ಅರ್ಧ ಕೇಳಸೂದಿಲ್ರಿ."

"ಕೇಳಸಿದಷ್ಟ ಕೇಳಸಲಿ. ಮೊರಬದಾಗ ಬಸ್ ಸ್ಟ್ಯಾಂಡ್ ಅಂದಮ್ಯಾಲ ಟ್ರ್ಯಾಕ್ಟರ್ ಬರೂದಿಲ್ಲೇನು? ನನ್ನ ಬಾಯಾಗ ಇನ್ನೊಬ್ಬಾಕಿ ಮಾತಾಡೂದು ಬ್ಯಾಡ. ಮೂವತ್ತೊಂದು ಸಿನಿಮಾದಾಗ ಮಾತಾಡ್ಯಾರ. ಸಾಕು."

ಸಂಗನಬಸವ ಅವಳನ್ನೇ ನೋಡುತ್ತ ನಿಂತ. "ಮೇಡಂ, ನೀವು ಯಾವೂರವರ್ರಿ?"

ಅವಳು ಹೇಳಿದಳು. ಅವನು ಸೌಂಡಿನವನ ಕಡೆ ತಿರುಗಿ, "ಮೊದಲನೇ ಟೇಕ್ ಇಡೂಣು" ಎಂದ.

ಬಣ್ಣ ತೊಳೆದು, ಇಳಕಲ್ ಸೀರೆ ಬಿಚ್ಚದೆಯೇ, ಮಲ್ಲಕ್ಕ ಕಾರು ಹತ್ತಿದಳು. ರೈಲಿನ ಹೊತ್ತಾಗುತ್ತದೆ ಎಂದ ಯುನೂಸ್. ರೈಲು ಹೋಗಲಿ ಎಂದಳು. ನವಲಗುಂದ ಮುಟ್ಟಿದಾಗ ಬಿಸಿಲು ಇನ್ನೂ ಮಾಳಿಗೆಗಳ ಮೇಲಿತ್ತು. ಹಸನಬಿಯ ಬಾಗಿಲಿಗೆ ಬೀಗ ಬಿದ್ದಿತ್ತು. ಕಾರನ್ನು ಕಳಿಸಿ ಅವಳು ಮೆಟ್ಟಿಲ ಮೇಲೆ ಕುಳಿತಳು.

ಎದುರುಮನೆಯ ಎಳೆಯ ಹೆಂಗಸು ಮೊರ ಹಿಡಿದು ಹೊರಗೆ ಬಂದಳು. ಮಾಸಿದ ಸೀರೆಯ ಈ ಮುದುಕಿಯ ಗುರುತು ಅವಳಿಗೆ ಹತ್ತಲಿಲ್ಲ. "ಹಸನಬಿ ಕಾಕೂ ಇಲ್ಲ ನೋಡ್ರಿ. ಅತ್ತಿ ಸೊಸಿ ಕೂಡೇ ಅಣ್ಣಿಗೇರಿಗೆ ಹೋಗ್ಯಾರ, ಅವರ ಪೈಕಿ ಯಾರಿಗೋ ಆರಾಮಿಲ್ಲಂತ. ಸಂಜಿ ಬಸ್ಸಿಗೆ ಬರಬಹುದು, ನಾಳಿಗೂ ಬರಬಹುದು. ಫೋನ್ ಹಚ್ಚಲೇನ್ರಿ?"

"ಬ್ಯಾಡವಾ. ಇಲ್ಲೇ ಕುಂದರತೇನಿ."

"ಎಲ್ಲಿಂದ ಬಂದೀರಿ?"

"ಎಲ್ಲಿಂದೂ ಇಲ್ಲ. ಇದ ಊರು."

ಹೆಂಗಸು ಒಂದು ತಂಬಿಗೆ ನೀರು ತಂದಿಟ್ಟು, ಮೊರದಲ್ಲಿನ ಕಡಲೆ ಹಸನು ಮಾಡುತ್ತ ತನ್ನ ಕಟ್ಟೆಯ ಮೇಲೆ ಕುಳಿತಳು. ಓಣಿಯ ತುದಿಯಲ್ಲಿ ದೊಡ್ಡ ರಸ್ತೆಯ ಒಂದು ತುಂಡು ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಅಣ್ಣಿಗೇರಿಯ ಬಸ್ಸು ಅಲ್ಲಿ ಬಂದು ನಿಂತಿತು. ಮಲ್ಲಕ್ಕ ಎದ್ದು ನಿಂತಳು. ಕಣ್ಣಿಗೆ ಬೀಳುತ್ತಿದ್ದ ಬಿಸಿಲಿಗೆ ಕೈ ಅಡ್ಡ ಹಿಡಿದು, ಇಳಿಯುವವರ ಮುಖಗಳನ್ನು ಒಂದೊಂದಾಗಿ ನೋಡತೊಡಗಿದಳು.