ಹೆಸರು ಕೇಳದೆ ಹಾಡದವನು

ಎದುರಿಗೆ ಎರಡು ಸಾವಿರ ಜನ ಕೂತಿರಲಿ, ಇಬ್ಬರೇ ಕೂತಿರಲಿ, ಅವರಲ್ಲೊಬ್ಬರ ಹೆಸರನ್ನೂ ಊರನ್ನೂ ಕೇಳಿಕೊಳ್ಳದೆ ಜ್ಯೋತೆಪ್ಪ ಹಾಡಿಗೆ ಬಾಯಿ ತೆರೆದವನಲ್ಲ. ಏಕತಾರಿಯನ್ನು ಹೆಗಲಿಗೆ ಆನಿಸಿ, ಎಡಗೈಯನ್ನು ಕಿವಿಯ ಮೇಲಿಟ್ಟು, ಕನ್ಯಾ ನೋಡಲು ಬಂದ ಬೀಗರ ಗಾಂಭೀರ್ಯದಿಂದ, “ಹೆಸರೇನ್ರಿ ನಿಮ್ದು? ಯಾವೂರ್ರಿ?” ಎನ್ನುತ್ತಿದ್ದ. ಉತ್ತರ ಬಂದೊಡನೆ ಆ ಹೆಸರು, ಆ ಊರು, ಆ ಮನುಷ್ಯನ ಮೀಸೆಯೋ ರುಮಾಲೋ ಮೊದಲ ನುಡಿಯಲ್ಲಿ ಪ್ರತ್ಯಕ್ಷವಾಗಿ, ಹಾಡು ಆಮೇಲೆ ತನ್ನ ದಾರಿ ಹಿಡಿಯುತ್ತಿತ್ತು.

ಅವನು ನಮ್ಮ ಸಹಕಾರಿ ಸಕ್ಕರೆ ಕಾರ್ಖಾನೆಯ ಗೋದಾಮಿನಲ್ಲಿ ಚೀಲ ಹೊರುವ ಹಮಾಲ. ನಾನು ಅಲ್ಲೇ ಕಬ್ಬಿನ ಸರದಿಯ ಚೀಟಿ ಬರೆಯುವ ಗುಮಾಸ್ತ. ಕ್ವಿಂಟಲ್ ತೂಕದ ಚೀಲಗಳು ಅವನ ಬೆನ್ನನ್ನು ಒಂದು ಪಕ್ಕಕ್ಕೆ ವಾಲಿಸಿದ್ದವು. ಬರಿಗೈಯಲ್ಲಿ ನಡೆಯುವಾಗಲೂ ಯಾವುದೋ ಅದೃಶ್ಯ ಚೀಲವನ್ನು ಹೊತ್ತವನಂತೆ ಓರೆಯಾಗಿ ನಡೆಯುತ್ತಿದ್ದ. ಆ ಬೆನ್ನಿನ ಮೇಲೆ, ಸಾಂಗ್ಲಿಯ ಮೇ ತಿಂಗಳ ಧಗೆಯಲ್ಲೂ ಕಳಚದ ಕರಿ ಉಣ್ಣೆಯ ಕೋಟು. ಕಬ್ಬು ನುರಿಸುವ ಮೊದಲ ಹಂಗಾಮಿಗೆ ಬಾಯ್ಲರ್ ಹೊತ್ತಿಸಿದ ದಿನ ಹಾಡಿದ್ದಕ್ಕೆ ಮೆಚ್ಚಿ ಚೇರ್ಮನ್ನರು ತಮ್ಮದನ್ನೇ ತೆಗೆದು ಹೊದಿಸಿದ್ದರು. ಅಳತೆ ಚೇರ್ಮನ್ನರದಾದ್ದರಿಂದ ಅದರೊಳಗೆ ಇನ್ನೊಬ್ಬ ಜ್ಯೋತೆಪ್ಪನಿಗೂ ಜಾಗವಿತ್ತು.

ಅರವತ್ತೆಂಟನೆಯ ಇಸವಿಯಲ್ಲಿ ಮಿರಜದ ಡಾಕ್ಟರು, ಇನ್ನೊಂದು ಹಂಗಾಮು ಚೀಲ ಹೊತ್ತರೆ ಹಾಸಿಗೆ ಹಿಡಿಯುತ್ತಿ ಎಂದು ಹೇಳಿಬಿಟ್ಟರು. ಅದೇ ವಾರ ಮುಂಬಯಿಯ ರಿಕಾರ್ಡ್ ಕಂಪನಿಯವನೊಬ್ಬ ಹಳ್ಳಿಯ ಹಾಡುಗಾರರನ್ನು ಹುಡುಕುತ್ತ ಮಿರಜಕ್ಕೆ ಬಂದ. ಸಂಜೆಯ ರೈಲಿಗೆ ಹೊರಟುಹೋಗುವವನು. ಗ್ರಾಮಫೋನಿನ ಪ್ಲೇಟು ಆದರೆ ಊರೂರಿಂದ ಕರೆ ಬರುತ್ತದೆ. ಆಗದಿದ್ದರೆ ಮತ್ತೆ ಗೋದಾಮೇ ಗತಿ. ಹೆಂಡತಿ ತುಳಸವ್ವ ನನಗೆ ಹೇಳಿಕಳಿಸಿದಳು: “ನೇಮಣ್ಣಾರ, ನೀವು ಜೋಡಿ ಹೋಗ್ರಿ. ಇವರು ಅವರಿವರ ಹೆಸರ ಕೇಳ್ಕೋಂತ ಕುಂತ್ರ ರೈಲು ಹೊಂಟ ಹೋಗತೈತಿ.”

ಸಿತಾರು ಕಟ್ಟುವವರೊಬ್ಬರ ಹಿಂದಿನ ಕೋಣೆಯಲ್ಲಿ ಯಂತ್ರ ಹೂಡಿದ್ದರು. ಮುಂದೆ ತಂಬೂರಿಗಳಾಗಲಿರುವ ಒಣ ಸೋರೆ ಬುರುಡೆಗಳು ತೊಲೆಯಿಂದ ಸಾಲಾಗಿ ತೂಗುತ್ತಿದ್ದವು. ಕೋಟಿನ ಗುಂಡಿ ಏಕತಾರಿಗೆ ತಾಗಿ ಟಕಟಕ ಎನ್ನುತ್ತದೆಂದು ಕಂಪನಿಯವನು ಅದನ್ನು ಕಳಚಿಸಿ, ನನ್ನ ಕೈಗೆ ಕೊಟ್ಟು, ನನ್ನನ್ನು ಬಾಗಿಲಾಚೆ ದಬ್ಬಿ, ಕೆಂಪು ದೀಪ ಹಚ್ಚಿದ. ಸಂದಿಯಿಂದ ನೋಡಿದೆ. ಜ್ಯೋತೆಪ್ಪ ಕಂಪನಿಯವನ ಹೆಸರನ್ನೇ ಕೇಳಿದ. ಅವನು ತುಟಿಯ ಮೇಲೆ ಬೆರಳಿಟ್ಟ. ಮೂರು ಸಲ ಟೇಪು ತಿರುಗಿತು. ಮೂರು ಸಲವೂ ಅದರಲ್ಲಿ ಜ್ಯೋತೆಪ್ಪನ ಉಸಿರಾಟವಷ್ಟೇ ದಾಖಲಾಯಿತು.

“ಗಾ ನಾ, ಬಾಬಾ!” ಎಂದು ಕಂಪನಿಯವನು ಮರಾಠಿಯಲ್ಲಿ ಅಂಗಲಾಚಿದ.

“ಯಾರಿಗಿ ಹಾಡ್ಲಿರಿ ಸಾಹೇಬ್ರ? ಈ ಬುರುಡಿಗೋಳಿಗೇನು? ಇವಕ್ಕಿನ್ನಾ ಕಿವಿ ಮೂಡಿಲ್ಲ.”

ಕಂಪನಿಯವನು ಗಡಿಯಾರ ನೋಡಿಕೊಂಡು ತಂತಿ ಸುತ್ತಲು ತೊಡಗಿದ. ಜ್ಯೋತೆಪ್ಪ ತಲೆ ತಗ್ಗಿಸಿ ನಿಂತಿದ್ದ. ಕೋಟಿಲ್ಲದ ಆ ಓರೆ ಬೆನ್ನನ್ನು ನಾನು ಅಂದೇ ಮೊದಲು ಕಂಡದ್ದು.

ನನ್ನ ಬದುಕಿನಲ್ಲಿ ಧೈರ್ಯವೆಂದು ಹೇಳಿಕೊಳ್ಳಬಹುದಾದ ಕೆಲಸ ಒಂದೇ. ಅದೂ ಗಾಬರಿಯಲ್ಲಿ ಆದದ್ದು. ಬಾಗಿಲು ತಳ್ಳಿ ಒಳಹೊಕ್ಕು, ಕೋಟನ್ನು ಎದೆಗವಚಿ ನಿಂತುಬಿಟ್ಟೆ. ಮೂರು ಹಂಗಾಮಿನ ಗುರುತಿದ್ದ ನನ್ನನ್ನು ಜ್ಯೋತೆಪ್ಪ ಹೊಸಬನನ್ನು ನೋಡುವಂತೆ ನೋಡಿ, ಕಿವಿಗೆ ಕೈಯಿಟ್ಟ.

“ಹೆಸರೇನ್ರಿ ನಿಮ್ದು? ಯಾವೂರ್ರಿ?”

“ನೇಮಿನಾಥ. ಬೇಡಗ.”

ಕಂಪನಿಯವನಿಗೆ ಏನು ಹೊಳೆಯಿತೋ, ಕೈ ತಾನಾಗಿ ಯಂತ್ರದ ಗುಂಡಿಗೆ ಹೋಯಿತು.

“ಬೇಡಗದ ನೇಮಣ್ಣ ನಿಂತಾನೋ ಬಾಗಿಲಾಗ, ಕೋಟ ಹಿಡದಾನೋ ಕೈಯಾಗ...” ಅಲ್ಲಿಂದ ಹಾಡು, ಕಟ್ಟು ಬಿಚ್ಚಿದ ಎತ್ತಿನಂತೆ, ಮೂರೂವರೆ ನಿಮಿಷ ಹಿಂದಿರುಗಿ ನೋಡಲಿಲ್ಲ.

ಆ ಪ್ಲೇಟು ಕುಪವಾಡದ ಚಹದಂಗಡಿಗಳಲ್ಲಿ, ಮದುವೆ ಚಪ್ಪರಗಳಲ್ಲಿ ಸವೆದು ಗೀರು ಬೀಳುವವರೆಗೆ ತಿರುಗಿತು. “ಈ ನೇಮಣ್ಣ ಯಾವ ದೊಡ್ಡಾಂವ್ರಿ? ನಮ್ಮ ಹೆಸರಿಟ್ಟ ಹಾಡಲಿ!” ಎಂದು ಊರೂರಿನವರು ಹಟಕ್ಕೆ ಬಿದ್ದು ಅವನನ್ನು ಕರೆಸಿದರು. ಇಪ್ಪತ್ತೆರಡು ವರ್ಷ, ತೀರಿಕೊಳ್ಳುವ ಹಿಂದಿನ ವಾರದವರೆಗೂ, ಅವನು ಹಾಡಿಕೊಂಡೇ ಉಂಡ. ಒಂದು ಚೀಲವನ್ನೂ ಮುಟ್ಟಲಿಲ್ಲ.

“ನಿಮ್ಮ ಹೆಸರ್ಲೆ ನಮ್ಮನಿ ಒಲಿ ಹತ್ತೇತ್ರಿ,” ಎಂದು ತುಳಸವ್ವ ಇಂದಿಗೂ ಚಹ ಕೊಡುತ್ತಾಳೆ. ಉಪಕಾರ ಯಾರಿಂದ ಯಾರಿಗೆ ಎಂಬುದನ್ನು ಆಕೆ ತಿರುವುಮುರುವು ಮಾಡಿಕೊಂಡಿದ್ದಾಳೆ. ನಾನು ಬರೆದ ಮೂರು ನಗೆಬರಹದ ಪುಸ್ತಕಗಳ ಮೇಲೂ ನನ್ನ ಹೆಸರಿದೆ; ಅವನ್ನು ಓದಿ ನನ್ನನ್ನು ಗುರುತಿಸಿದ ಪುಣ್ಯಾತ್ಮ ಇನ್ನೂ ಸಿಕ್ಕಬೇಕು. ವಿಶ್ರಾಮಬಾಗದ ಬಸ್ಸಿನಲ್ಲಿ ಮಾತ್ರ ಹೆಸರು ಹೇಳಿದರೆ ಸಾಕು, “ಕೋಟ ಹಿಡದಾಂವ ನೀವ ಏನ್ರಿ? ಬರ್ರಿ, ಕುಂದ್ರಿ,” ಎಂದು ಎದ್ದು ಜಾಗ ಬಿಡುತ್ತಾರೆ.

ಆ ಕಾಲದಲ್ಲಿ ನಮಗೆಲ್ಲ ಒಂದೊಂದು ನಂಬರಿತ್ತು: ಸಹಕಾರಿ ಸಂಘದ ಸದಸ್ಯನ ನಂಬರು, ಕಬ್ಬಿನ ಸರದಿಯ ನಂಬರು, ಹಾಲಿನ ಡೇರಿಯ ನಂಬರು. ಸಂಘಗಳು ಅನ್ನ ಕೊಟ್ಟವು, ಇಲ್ಲವೆನ್ನಲಾರೆ; ಆ ನಂಬರು ಬರೆದ ಕೈಗಳಲ್ಲಿ ನನ್ನದೂ ಒಂದು. ಜ್ಯೋತೆಪ್ಪನಂಥ ಹಾಡುಗಾರರಿಗೆ ನಂಬರು ನೆನಪಿರುವುದಿಲ್ಲ. ಭಾಗ್ಯದ ಬಾಗಿಲು ತೆರೆದು, ಒಳಗಿನಿಂದ ಕರೆ ಬಂದು, ರೈಲಿಗೆ ಹೊತ್ತಾಗುತ್ತಿರುವಾಗಲೂ ಅವರು ತಿರುಗಿ ನಿಂತು, ಹೊರಗೆ ಕೋಟು ಹಿಡಿದು ನಿಂತವನ ಹೆಸರೇನೆಂದು ಕೇಳುತ್ತಾರೆ. ಕೇಳಿ, ಅವನನ್ನೂ ಒಳಗೆ ಕರೆದುಕೊಂಡೇ ಹೋಗುತ್ತಾರೆ.