ತಿರುಗಿ ಹೇಳಿದ ಮಾತು

ಭಾವ ಮಾತು ಮುಗಿಸಿ ಟೀ ಲೋಟ ಕೆಳಗಿಟ್ಟರು. ಇನ್ನು ಎಲ್ಲರೂ ಒಪ್ಪುವುದಷ್ಟೇ ಬಾಕಿ ಎಂಬಂತೆ ಗೋಡೆಗೆ ಒರಗಿದರು. ಅವಳ ಗಂಡನ ಅಣ್ಣ ಅವರು. ಇರುವುದು ಬೇರೆ ಊರಿನಲ್ಲಾದರೂ ಈ ಮನೆಯ ಚುಕ್ಕಾಣಿ ಅವರ ಕೈಯಲ್ಲೇ.

ಆ ಮನೆಯಲ್ಲಿ ಒಪ್ಪಿಗೆಗೆ ಬರವಿರಲಿಲ್ಲ. ಗಂಡನದು "ಹೂಂ ಅಣ್ಣ". ಅಣ್ಣ ಬಾಯಿ ತೆರೆಯುವ ಮೊದಲೇ ಅದು ಹೊರಬೀಳುತ್ತಿತ್ತು. ಅತ್ತೆಯದು "ದೊಡ್ಡೋನು ಹೇಳಿದ್ಮೇಲೆ ಮುಗೀತು". ಅವಳದು "ಆಯ್ತು". ಅದರಲ್ಲೂ ನಾಲ್ಕಾರು ಬಗೆ. ಅತ್ತೆಗೆ ಹೇಳುವ ಉದ್ದನೆಯ ಆಯ್ತೂ ಎಂದರೆ ಆಮೇಲೆ ನೋಡೋಣ ಎಂದು. ಗಂಡನಿಗೆ ಹೇಳುವ ಚುಟುಕು ಆಯ್ತು ಎಂದರೆ "ಸಾಕು, ಬಾಯಿ ಮುಚ್ಚು" ಎಂದು. ಭಾವನಿಗೆ ಮಾತ್ರ ತಲೆ ತಗ್ಗಿಸಿ ಹೇಳುವ, ಒಳಗೆ ಏನೂ ಬಚ್ಚಿಟ್ಟುಕೊಳ್ಳದ ಆಯ್ತು. ಹಾಕಿದ ಗೆರೆ ದಾಟದ ಸೊಸೆ ಎಂದು ಅವಳು ಹೆಸರಾದದ್ದು ಅದರಿಂದಲೇ.

ಅವಳು ಕೆಲಸಕ್ಕೆ ಹೋಗುವ ಕಬ್ಬಿಣದ ಕಾರ್ಖಾನೆಯಲ್ಲಿ ಈ ಆಯ್ತು ನಡೆಯುತ್ತಿರಲಿಲ್ಲ. ಅವಳು ಕ್ರೇನ್ ನಡೆಸುವವಳು. ಛಾವಣಿಗೆ ಅಂಟಿದ ಗೂಡಿನಲ್ಲಿ ಕೂತು, ಕೆಳಗೆ ಜನ ಓಡಾಡುವ ಕಡೆ ಟನ್ನುಗಟ್ಟಲೆ ಭಾರ ಇಳಿಸಬೇಕು. ಮೇಸ್ತ್ರಿ ವಾಕಿಟಾಕಿಯಲ್ಲಿ ಹೇಳಿದ್ದನ್ನು ಅವಳು ಹಾಗೇ ತಿರುಗಿ ಹೇಳಬೇಕು. ಅವನು ಹೌದು ಎಂದ ಮೇಲೆಯೇ ಹಿಡಿಕೆಗೆ ಕೈ ಹಾಕಬೇಕು. ಮೊದಮೊದಲು ಅಭ್ಯಾಸಬಲದಿಂದ ಆಯ್ತು ಎಂದು ಅವಳು ಬೈಸಿಕೊಂಡಿದ್ದಳು. "ಏನ್ ಕೇಳಿಸ್ಕೊಂಡೆ ಅಂತ ಹೇಳಮ್ಮ. ನಿನ್ನ ಆಯ್ತು ಕಟ್ಕೊಂಡು ನನಗೇನಾಗ್ಬೇಕು?" ಎಂದಿದ್ದ ಮೇಸ್ತ್ರಿ.

ಇವತ್ತು ಎರಡು ಪಾಳಿ ಒಟ್ಟಿಗೆ ಮುಗಿಸಿ ಬಂದು ಕೂತಿದ್ದಳು. ಭಾವ ಸುತ್ತಿಬಳಸಿ ಹೇಳಿದ್ದು ಇಷ್ಟು: ಹೆಂಡತಿ ಹಾಸಿಗೆ ಹಿಡಿದಿದ್ದಾಳೆ, ಮನೆ ಭಣಗುಡುತ್ತಿದೆ, ನಿಮ್ಮ ಹುಡುಗಿ ಸ್ವಲ್ಪ ದಿನ ಬಂದಿದ್ದರೆ ದೊಡ್ಡಮ್ಮನಿಗೂ ಜೊತೆಯಾಗುತ್ತದೆ, ಅವಳಿಗೂ ಊರು ಬದಲಾದ ಹಾಗಾಗುತ್ತದೆ, ಓದು ಎಲ್ಲಿಗೆ ಓಡಿಹೋಗುತ್ತದೆ. ಗಂಡ ಆಗಲೇ ಎರಡು ಸಲ ಹೂಂಗುಟ್ಟಿದ್ದ. ಎಲ್ಲರೂ ಅವಳ ಕಡೆ ನೋಡಿದರು. ದಣಿವಿಗೆ ಕಣ್ಣು ಎಳೆಯುತ್ತಿತ್ತು. ಬಾಯಿಗೆ ಬಂದದ್ದು ಕಾರ್ಖಾನೆಯ ಅಭ್ಯಾಸ.

"ಮಗಳು ಕಾಲೇಜು ಬಿಡ್ಬೇಕು. ನಿಮ್ಮನೇಲಿ ಬಂದಿರ್ಬೇಕು. ಅಕ್ಕ ಎದ್ದು ಓಡಾಡೋವರೆಗೂ ಅಡಿಗೆ, ಬಟ್ಟೆ, ಅಕ್ಕನ ಮೈ ತೊಳಿಯೋದು, ಎಲ್ಲ ಅವಳೇ. ಹೌದಾ ಭಾವ?"

ಹೇಳಿ ಸುಮ್ಮನೆ ಕಾದಳು. ಅತ್ತೆ ನೆಲ ನೋಡಿದರು. ಭಾವನ ಮುಖ ಕಪ್ಪಿಟ್ಟಿತು. ನಾನೆಲ್ಲಿ ಹಾಗೆ ಹೇಳಿದೆ ಎಂದರು, ಜೊತೆಗೆ ಅಂದೆ ಅಷ್ಟೇ ಎಂದರು, ಮನೆಮಕ್ಕಳು ಕಷ್ಟಕ್ಕಾಗದೆ ಇನ್ಯಾವಾಗ ಎಂದರು. ಅವಳು ಕಾಯುತ್ತಲೇ ಇದ್ದಳು. ತಾನಾಡಿದ್ದು ತನ್ನ ಕಿವಿಗೇ ಬಿದ್ದ ಮೇಲೆ ನಿದ್ದೆ ಹಾರಿಹೋಗಿತ್ತು. ಭಯವಾಯಿತು, ಭಯಕ್ಕಿಂತ ಹೆಚ್ಚು ಸಿಟ್ಟು ಬಂತು.

ಕೊನೆಗೆ ಭಾವನೂ ಬಳಸುದಾರಿ ಬಿಟ್ಟರು. "ಹೌದಮ್ಮ, ಹಾಗೇ ಅಂದ್ಕೋ. ಏನೀಗ?"

"ಆಗಲ್ಲ ಭಾವ. ಅಕ್ಕನ್ನ ಇಲ್ಲಿಗೇ ಕರ್ಕೊಂಡು ಬನ್ನಿ, ನಾನು ನೋಡ್ಕೋತೀನಿ. ಮಗಳ ಓದು ಬಿಡಿಸಲ್ಲ."

ಭಾವ ಅವಳ ಕಡೆ ನೋಡುವುದನ್ನೇ ಬಿಟ್ಟು ತಮ್ಮನ ಕಡೆ ತಿರುಗಿದರು. "ನೀನೇನಂತೀಯೋ?"

ಗಂಡ ಗಂಟಲು ಸರಿಮಾಡಿಕೊಂಡ. ಉಹೂಂ ಎಂದು ಅವನಿಗೆ ಹುಟ್ಟಿದಾಗಿನಿಂದ ಅಭ್ಯಾಸವಿಲ್ಲ. ಬಸ್ಸಿಗೆ ಹೊತ್ತಾಯಿತು, ನಿಲ್ದಾಣದವರೆಗೂ ಬರುತ್ತೇನೆ ಎನ್ನುತ್ತಾ ಎದ್ದ. ಬಾಗಿಲ ಬಳಿ ಎರಡು ಚೀಲಗಳಿದ್ದವು. ಒಂದು ಅಣ್ಣನದು, ಇನ್ನೊಂದನ್ನು ಮಗಳು, ದೊಡ್ಡವರ ಮಾತು ಒಳಗಿನಿಂದಲೇ ಕೇಳಿಸಿಕೊಂಡು, ಯಾರೂ ಹೇಳುವ ಮೊದಲೇ ತನ್ನ ಬಟ್ಟೆಬರೆ ತುಂಬಿ ತಂದಿಟ್ಟಿದ್ದಳು. ಅವನು ಬಗ್ಗಿ ಅಣ್ಣನ ಚೀಲ ಮಾತ್ರ ಎತ್ತಿಕೊಂಡ.